ದಿನಕ್ಕೊಂದು ನಡೆ: ಅಂಚೆ ಆಟಗಳಲ್ಲಿ ನಿಮಗೆ ಹೊಂದುವುದು ಯಾವುದು?

ಮಾರ್ಚ್ ಕೊನೆಯ ಒಂದು ಗುರುವಾರ. ನಾನು ಈಮೇಲ್‌ನಲ್ಲಿ ಡಿಪ್ಲೊಮಸಿ ಆಡುತ್ತಿದ್ದೆ. ಏಳು ಜನ ಒಂದೊಂದು ದೇಶ ಹಿಡಿದು ಆಡುವ, ಯುದ್ಧ ಮತ್ತು ಸಂಧಾನದ ಆಟ ಅದು. ನನ್ನ ಪಾಲಿಗೆ ಬಂದದ್ದು ಇಟಲಿ. ಆರ್ಡರ್, ಅಂದರೆ ನನ್ನ ಸೈನ್ಯಗಳ ನಡೆ ಬರೆದು ಕಳಿಸಲು ಗಡುವು ಲಂಡನ್ ಗಡಿಯಾರದ ಪ್ರಕಾರ ಗುರುವಾರ ಮಧ್ಯರಾತ್ರಿ. ಚಳಿಗಾಲ ಪೂರ್ತಿ ಅದು ನಮಗೆ ಶುಕ್ರವಾರ ಬೆಳಿಗ್ಗೆ 5.30 ಆಗುತ್ತಿತ್ತು. ಐದಕ್ಕೆ ಎದ್ದು, ಕಾಫಿಗೆ ಹಾಲಿಟ್ಟು, ನಕ್ಷೆಯನ್ನು ಇನ್ನೊಮ್ಮೆ ನೋಡಿ ಕಳಿಸಿಬಿಡುವುದು ನನಗೆ ರೂಢಿಯಾಗಿತ್ತು. ಹಿಂದಿನ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ನಮ್ಮಲ್ಲಿ ಆ ಪದ್ಧತಿಯೇ ಇಲ್ಲವಲ್ಲ, ನನಗೆ ಹೊಳೆಯಲೇ ಇಲ್ಲ. ನಾನು ಏಳುವ ಹೊತ್ತಿಗೆ ಗಡುವು ಮುಗಿದು ಅರ್ಧ ಗಂಟೆಯಾಗಿತ್ತು.

ಅಯೋನಿಯನ್ ಸಮುದ್ರದಲ್ಲಿದ್ದ ನನ್ನ ಹಡಗುಪಡೆ ಆ ಸಲ ಗ್ರೀಸ್‌ನಲ್ಲಿದ್ದ ಆಸ್ಟ್ರಿಯಾಕ್ಕೆ ಬೆಂಬಲ ಕೊಡಬೇಕಿತ್ತು. ನಾನು ಮಾತು ಕೊಟ್ಟಿದ್ದೆ. ಆರ್ಡರ್ ಬಾರದ ಕಾರಣ ಹಡಗು ಸುಮ್ನೆ ನಿಂತಿತು. ಟರ್ಕಿ ಬಲ್ಗೇರಿಯಾದಿಂದ ನುಗ್ಗಿತು, ಏಜಿಯನ್ ಸಮುದ್ರದಿಂದ ಅದಕ್ಕೆ ಬೆಂಬಲ ಇತ್ತು. ಗ್ರೀಸ್ ಹೋಯಿತು. ಆಸ್ಟ್ರಿಯಾ ಆಡುತ್ತಿದ್ದವರು ಎರಡು ತಿಂಗಳಿಂದ ವಾರಕ್ಕೆ ಮೂರು ಪತ್ರ ಬರೆದು ಆ ಸ್ನೇಹ ಕಟ್ಟಿದ್ದರು. ನಾನು ಮೋಸ ಮಾಡಿದ್ದೇನೆ ಎಂದೇ ಅವರು ತಿಳಿದರು. ಮೋಸ ಮಾಡಿದ್ದರೆ ಅದು ಆಟದ ಭಾಗ ಆಗುತ್ತಿತ್ತು. ಇದು ಹಾಗಲ್ಲ, ಅದಕ್ಕೇ ಇವತ್ತಿಗೂ ಬೇಜಾರು.

ಹೀಗೆ ಅಂಚೆಯಲ್ಲೋ ಈಮೇಲ್‌ನಲ್ಲೋ ನಡೆ ಕಳಿಸಿ ಆಡುವ ಹವ್ಯಾಸಕ್ಕೆ ಬರಬೇಕು ಎಂದುಕೊಂಡವರು ಸಾಮಾನ್ಯವಾಗಿ ಕೇಳುವುದು ‘ಯಾವ ಆಟ ಚೆನ್ನಾಗಿದೆ?’ ಎಂದು. ಬಾಹ್ಯಾಕಾಶ ಬೇಕಾ, ರಾಜರ ಕಾಲ ಬೇಕಾ, ಚೆಸ್ ಸಾಕಾ? ನನ್ನ ಪ್ರಕಾರ ಅದು ಆಮೇಲಿನ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು: ನಾನು ಒಂದು ಸರದಿ ತಪ್ಪಿಸಿದರೆ ಎಷ್ಟು ಜನರ ಆಟ ಕೆಡುತ್ತದೆ? ಅದಕ್ಕೆ ನಿಮ್ಮ ಉತ್ತರ ಏನು ಎನ್ನುವುದರ ಮೇಲೆ ಆಟ ಆರಿಸಿ.

ಒಬ್ಬರಾದ ಮೇಲೆ ಒಬ್ಬರೋ, ಎಲ್ಲರೂ ಒಟ್ಟಿಗೋ?

ಸರದಿ ಆಟಗಳಲ್ಲಿ ಎರಡು ಜಾತಿ. ಒಂದರಲ್ಲಿ ನೀವು ಆಡಿದ ಮೇಲೆ ನಾನು, ನನ್ನ ನಂತರ ಅವರು. ಚೌಕಾಬಾರ ಆಡುವ ಹಾಗೆ. ಇನ್ನೊಂದರಲ್ಲಿ ಎಲ್ಲರೂ ಗುಟ್ಟಾಗಿ ಆರ್ಡರ್ ಬರೆದು ಕಳಿಸುತ್ತಾರೆ, ಗಡುವು ಮುಗಿದ ಕೂಡಲೇ ಎಲ್ಲವೂ ಒಟ್ಟಿಗೆ ಜಾರಿಯಾಗುತ್ತವೆ.

ಇದು ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ರಾಜ್ಯ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 6ರಲ್ಲಿ ‘ಪ್ಲೇ ಬೈ ಕ್ಲೌಡ್’ ಎನ್ನುವ ವ್ಯವಸ್ಥೆ 2019ರಲ್ಲಿ ಬಂತು. ನೀವು ಆಡಿ ಮುಗಿಸಿದರೆ ಮುಂದಿನವರಿಗೆ ಸೂಚನೆ ಹೋಗುತ್ತದೆ. ಅಲ್ಲಿ ಸರದಿ ಒಬ್ಬರಾದ ಮೇಲೆ ಒಬ್ಬರದು. ‘ಆನ್‌ಲೈನ್’ ವೇಗ ಇಟ್ಟರೂ ಪೂರ್ತಿ ಆಟಕ್ಕೆ 250 ಸುತ್ತು. ಆರು ಜನ ಸೇರಿದರೆ 1,500 ಸರದಿ. ದಿನಕ್ಕೆ ಎರಡು ಸರದಿ ಸರಿದರೂ 750 ದಿನ, ಎರಡು ವರ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಒಬ್ಬರಿಗೆ ಮಗು ಹುಟ್ಟಿರುತ್ತದೆ, ಇನ್ನೊಬ್ಬರು ಕೆಲಸ ಬದಲಿಸಿ ಊರು ಬಿಟ್ಟಿರುತ್ತಾರೆ. ಅದೇ 250 ಸುತ್ತು ಎಲ್ಲರೂ ಒಟ್ಟಿಗೆ ಆಡುವ ಆಟದಲ್ಲಿ, ದಿನಕ್ಕೊಂದರಂತೆ, 250 ದಿನದಲ್ಲಿ ಮುಗಿಯುತ್ತದೆ. ಆರು ಜನರಿರಲಿ, ಹದಿನಾರು ಜನರಿರಲಿ, ಅಷ್ಟೇ.

ಹಾಗಾಗಿ ನನ್ನ ಮೊದಲ ಸಲಹೆ ಇದು: ಇಬ್ಬರೇ ಇದ್ದರೆ ಯಾವ ಜಾತಿಯಾದರೂ ನಡೆಯುತ್ತದೆ. ಮೂವರಿಗಿಂತ ಜಾಸ್ತಿ ಜನ ಇದ್ದರೆ ಒಟ್ಟಿಗೆ ಜಾರಿಯಾಗುವ ಆಟ ಹುಡುಕಿ. ಒಬ್ಬರಾದ ಮೇಲೆ ಒಬ್ಬರದ್ದೇ ಬೇಕೆಂದರೆ ಚಿಕ್ಕ ಆಟ ಆರಿಸಿ.

ಚೆಸ್: ಕಾಯುವವರು ಒಬ್ಬರೇ

ಹೊಸಬರಿಗೆ ನಾನು ಮೊದಲು ಹೇಳುವುದು ಪತ್ರ ಚೆಸ್. ನಿಯಮ ಗೊತ್ತಿರುತ್ತದೆ, ಖರ್ಚಿಲ್ಲ, ತಪ್ಪಿದರೆ ನೀವು ಸೋಲುತ್ತೀರಿ, ಮೂರನೆಯವರಿಗೆ ತೊಂದರೆ ಇಲ್ಲ.

ಇದರ ವಯಸ್ಸೂ ದೊಡ್ಡದು. 1824ರಿಂದ 1828ರವರೆಗೆ ಲಂಡನ್ ಮತ್ತು ಎಡಿನ್‌ಬರಾ ಚೆಸ್ ಕ್ಲಬ್‌ಗಳು ಅಂಚೆಯಲ್ಲಿ ಪಂದ್ಯ ಆಡಿದವು. ಗೆದ್ದದ್ದು ಎಡಿನ್‌ಬರಾ. ಇವತ್ತು ‘ಸ್ಕಾಚ್ ಗೇಮ್’ ಎಂದು ಕರೆಯುವ ಆರಂಭಕ್ಕೆ ಹೆಸರು ಬಂದದ್ದು ಆ ಪಂದ್ಯದಿಂದ. 1953ರಲ್ಲಿ ಮೊದಲ ವಿಶ್ವ ಪತ್ರ ಚೆಸ್ ಚಾಂಪಿಯನ್ ಆದವರು ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ. ದೊಡ್ಡ ಪಂದ್ಯಗಳೆಲ್ಲ ಯುರೋಪಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ದೂರದ ದೇಶದವರಿಗೆ ಅಂಚೆಯೇ ದಾರಿ ಮಾಡಿಕೊಟ್ಟಿತು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ನಿಮ್ಮ ಮುಂದೆ ಮೂರು ದಾರಿ.

ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ‘ಕರೆಸ್ಪಾಂಡೆನ್ಸ್’ ಆರಿಸಿದರೆ ಒಂದು ನಡೆಗೆ ಒಂದು ದಿನದಿಂದ ಹದಿನಾಲ್ಕು ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಆರಂಭದ ನಡೆಗಳಿಗೆ ಪುಸ್ತಕ ನೋಡಬಹುದು, ಎಂಜಿನ್, ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಅದರ ನೆರವು ಪಡೆಯುವಂತಿಲ್ಲ. ಚೆಸ್ ಡಾಟ್ ಕಾಮ್‌ನ ‘ಡೈಲಿ’ ಆಟವೂ ಹೆಚ್ಚುಕಡಿಮೆ ಹೀಗೇ. ಬೆಳಿಗ್ಗೆ ಬಸ್ಸಿನಲ್ಲಿ ಹತ್ತು ನಿಮಿಷ ಸಿಗುವವರಿಗೆ ಇದು ಸಾಕು. ಒಂದೇ ಎಚ್ಚರಿಕೆ: ಉತ್ಸಾಹದಲ್ಲಿ ಇಪ್ಪತ್ತು ಆಟ ಒಟ್ಟಿಗೆ ಶುರು ಮಾಡಬೇಡಿ. ಮೂರು ಸಾಕು. ಇಪ್ಪತ್ತು ಬೋರ್ಡ್ ಇದ್ದರೆ ನೀವು ಯೋಚನೆ ಮಾಡುವುದಿಲ್ಲ, ಬರೀ ಬಟನ್ ಒತ್ತುತ್ತೀರಿ. ಆಗ ಇದಕ್ಕೂ ಐದು ನಿಮಿಷದ ಆಟಕ್ಕೂ ಏನು ವ್ಯತ್ಯಾಸ?

ಎರಡನೆಯದು ಐಸಿಸಿಎಫ್. 1951ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪತ್ರ ಚೆಸ್ ಒಕ್ಕೂಟ. ಭಾರತದ ಕಡೆಯಿಂದ ಆಲ್ ಇಂಡಿಯಾ ಕರೆಸ್ಪಾಂಡೆನ್ಸ್ ಚೆಸ್ ಫೆಡರೇಶನ್ ಇದೆ. ಇಲ್ಲಿ ಎಂಜಿನ್ ಬಳಕೆಗೆ ಅನುಮತಿ ಇದೆ. ಇದನ್ನು ಕೇಳಿದ ಕೂಡಲೇ ಬಹಳ ಜನ ಮುಖ ತಿರುಗಿಸುತ್ತಾರೆ. ‘ಮತ್ತೆ ಮನುಷ್ಯರಿಗೆ ಏನು ಕೆಲಸ?’ ಎನ್ನುತ್ತಾರೆ. ಕೆಲಸ ಇದೆ. ಎಂಜಿನ್ ‘ಎರಡೂ ಸಮ’ ಎಂದು ಹೇಳುವ ಹತ್ತು ಸ್ಥಿತಿಗಳಲ್ಲಿ ಯಾವುದು ಎದುರಾಳಿಗೆ ಕಷ್ಟ ಕೊಡುತ್ತದೆ ಎಂದು ತಿಂಗಳುಗಟ್ಟಲೆ ಅಗೆಯುವವರು ಅಲ್ಲಿದ್ದಾರೆ. ಆದರೆ ಮೇಲಿನ ಮಟ್ಟದಲ್ಲಿ ಬಹುಪಾಲು ಆಟಗಳು ಡ್ರಾ ಆಗುತ್ತವೆ. ಸಂಶೋಧನೆಯ ಮನಸ್ಸಿರುವವರಿಗೆ ಸರಿ. ಗೆಲುವಿನ ಖುಷಿ ಬೇಕಾದವರಿಗೆ ನಾನು ಹೇಳುವುದಿಲ್ಲ.

ಮೂರನೆಯದು ನಿಜವಾದ ಅಂಚೆ ಕಾರ್ಡು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಬೇರೆ ಯಾರೂ ನಿಮಗೆ ಹೇಳಲಿಕ್ಕಿಲ್ಲ.

ನಾನು ಮೈಸೂರಿನಿಂದ ಧಾರವಾಡದ ಗೆಳೆಯನ ಜೊತೆ ಕಾರ್ಡಿನಲ್ಲಿ ಆಡುತ್ತೇನೆ. ನಡೆ ಬರೆಯಲು ಪತ್ರ ಚೆಸ್‌ನವರ ಅಂಕಿ ಪದ್ಧತಿ ಬಳಸುತ್ತೇವೆ. ಬೋರ್ಡಿನ ಎಂಟು ಕಂಬಸಾಲಿಗೆ ಎಡದಿಂದ 1ರಿಂದ 8, ಅಡ್ಡಸಾಲಿಗೂ ಕೆಳಗಿನಿಂದ 1ರಿಂದ 8. ಕಾಯಿ ಎಲ್ಲಿತ್ತು, ಎಲ್ಲಿಗೆ ಹೋಯಿತು, ಒಟ್ಟು ನಾಲ್ಕು ಅಂಕಿ. ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ 5254. ಉತ್ತರವಾಗಿ ಕಪ್ಪು ಅದನ್ನೇ ಮಾಡಿದರೆ 5755. ಬಿಳಿ ಕುದುರೆ ಹೊರಗೆ 7163, ಕಪ್ಪು ಕುದುರೆ 2836, ಮಂತ್ರಿ ಮುಂದಿನ ಕಾಲಾಳು 4244. ಇಷ್ಟಾದರೆ ಎಡಿನ್‌ಬರಾದವರ ಸ್ಕಾಚ್ ಗೇಮ್ ನಿಮ್ಮ ಕಾರ್ಡಿನ ಮೇಲೆ ಬಂತು. ಭಾಷೆ ಗೊತ್ತಿಲ್ಲದವರ ಜೊತೆಗೂ ಆಡಲಿ ಎಂದೇ ಈ ಅಂಕಿ. ಒಮ್ಮೆ ನಮ್ಮ ಪೋಸ್ಟ್‌ಮ್ಯಾನ್ ಕಾರ್ಡ್ ಕೊಡುತ್ತಾ ‘ಏನ್ ಸಾರ್ ಇದು, ಫೋನ್ ನಂಬರಾ, ಅರ್ಧಕ್ಕೇ ಬಿಟ್ಟಿದ್ದಾರೆ’ ಎಂದು ಕೇಳಿದರು. ಗೇಟಿನ ಹತ್ತಿರ ನಿಂತೇ ವಿವರಿಸಿದೆ. ಈಗ ಕಾರ್ಡ್ ಬಂದಾಗ ‘ಯಾರು ಗೆಲ್ತಾ ಇದ್ದೀರಿ?’ ಎಂದು ಅವರೇ ಕೇಳುತ್ತಾರೆ.

ಕಾರ್ಡಿನಲ್ಲಿ ಬರೆಯಬೇಕಾದ್ದು ಇಷ್ಟು: ಎದುರಾಳಿಯ ಹಿಂದಿನ ನಡೆ, ಅದು ನಿಮ್ಮ ಕೈಸೇರಿದ ತಾರೀಕು, ನಿಮ್ಮ ಉತ್ತರ, ಕಳಿಸಿದ ತಾರೀಕು. ಹಿಂದಿನ ನಡೆಯನ್ನು ಮತ್ತೆ ಬರೆಯುವುದನ್ನು ಬಿಡಬೇಡಿ. ಒಂದು ಅಂಕಿ ತಪ್ಪಾಗಿ ಓದಿದರೆ ಇಬ್ಬರ ಬೋರ್ಡೂ ಬೇರೆಬೇರೆ ಆಗಿ, ಎರಡು ತಿಂಗಳಾದ ಮೇಲೆ ಗೊತ್ತಾಗುತ್ತದೆ. ಷರತ್ತಿನ ನಡೆಯನ್ನೂ ಬರೆಯಬಹುದು: ‘5755 ಆಡಿದರೆ 7163.’ ಎದುರಾಳಿಯ ಉತ್ತರ ಖಚಿತ ಎನಿಸುವ ಕಡೆ ಇದರಿಂದ ಒಂದು ಸುತ್ತಿನ ಓಡಾಟ ಉಳಿಯುತ್ತದೆ. ಹದಿನೈದು ದಿನ ಉತ್ತರ ಇಲ್ಲದಿದ್ದರೆ ಅದೇ ನಡೆಯನ್ನು ಇನ್ನೊಂದು ಕಾರ್ಡಿನಲ್ಲಿ ಕಳಿಸುವುದು ನಾವು ಮಾಡಿಕೊಂಡ ನಿಯಮ.

ಖರ್ಚಿನ ಲೆಕ್ಕ ಕೇಳಿ. ಕಾರ್ಡಿಗೆ 50 ಪೈಸೆ. ನಲವತ್ತು ನಡೆಯ ಆಟಕ್ಕೆ ಒಬ್ಬರಿಗೆ ನಲವತ್ತು ಕಾರ್ಡು, ಅಂದರೆ 20 ರೂಪಾಯಿ. ಸಮಯದ ಲೆಕ್ಕ ಮಾತ್ರ ಬೇರೆ: ಹೋಗಲು ಐದು ದಿನ, ಬರಲು ಐದು ದಿನ ಹಿಡಿದರೂ ನಲವತ್ತು ನಡೆಗೆ 400 ದಿನ. ಒಂದು ವರ್ಷದ ಮೇಲೆ. ಗೆಳೆತನ ಮೊದಲೇ ಗಟ್ಟಿ ಇದ್ದವರಿಗೆ ಇದಕ್ಕಿಂತ ಚೆಂದದ ಆಟ ನನಗೆ ಗೊತ್ತಿಲ್ಲ. ಅಪರಿಚಿತರ ಜೊತೆ ಬೇಡ. ಅವರು ಬಿಟ್ಟುಹೋದರೋ, ಕಾರ್ಡ್ ಕಳೆದುಹೋಯಿತೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಡಿಪ್ಲೊಮಸಿ: ಕಾಯುವವರು ಆರು ಜನ

ಈ ಹವ್ಯಾಸದ ಹೃದಯ ಇದು. ಅಲನ್ ಕ್ಯಾಲ್‌ಹ್ಯಾಮರ್ 1954ರಲ್ಲಿ ರೂಪಿಸಿ, 1959ರಲ್ಲಿ ತಾವೇ 500 ಪ್ರತಿ ಮಾಡಿಸಿ ಮಾರಿದ ಆಟ. 1901ರ ಯುರೋಪಿನ ನಕ್ಷೆ. ಏಳು ಶಕ್ತಿಗಳು: ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ಟರ್ಕಿ. ನಕ್ಷೆಯಲ್ಲಿ 34 ಸರಬರಾಜು ಕೇಂದ್ರ (ಸೈನ್ಯ ಸಾಕಲು ಬೇಕಾದ ಜಾಗ), 18 ಹಿಡಿದವರು ಗೆದ್ದರು. ದಾಳ ಇಲ್ಲ, ಕವಡೆ ಇಲ್ಲ, ಇಸ್ಪೀಟಿನ ಎಲೆ ಇಲ್ಲ. ಅದೃಷ್ಟಕ್ಕೆ ಜಾಗವಿರುವುದು ಶುರುವಿನಲ್ಲಿ ಯಾರಿಗೆ ಯಾವ ದೇಶ ಬಂತು ಎನ್ನುವುದರಲ್ಲಿ ಮಾತ್ರ.

ಒಂದು ಉದಾಹರಣೆ ನೋಡಿದರೆ ಆಟ ಪೂರ್ತಿ ಅರ್ಥವಾಗುತ್ತದೆ. ಫ್ರಾನ್ಸಿನ ಸೈನ್ಯ ಬರ್ಗಂಡಿಯಲ್ಲಿದೆ. ಜರ್ಮನಿಯ ಒಂದು ಸೈನ್ಯ ಮ್ಯೂನಿಕ್‌ನಲ್ಲಿ, ಇನ್ನೊಂದು ರೂರ್‌ನಲ್ಲಿ. ಎಲ್ಲ ಸೈನ್ಯಗಳ ಬಲವೂ ಒಂದೇ. ಮ್ಯೂನಿಕ್ ಒಂಟಿಯಾಗಿ ನುಗ್ಗಿದರೆ ಒಂದಕ್ಕೆ ಒಂದು, ಏನೂ ಆಗುವುದಿಲ್ಲ. ರೂರ್ ಅದಕ್ಕೆ ಬೆಂಬಲ ಕೊಟ್ಟರೆ ಎರಡಕ್ಕೆ ಒಂದು, ಫ್ರಾನ್ಸ್ ಓಡಬೇಕು. ಈಗ ಬೆಲ್ಜಿಯಂನಲ್ಲಿ ಇಂಗ್ಲೆಂಡಿನ ಸೈನ್ಯ ಇದೆ ಎಂದುಕೊಳ್ಳಿ. ಅದು ರೂರ್ ಮೇಲೆ ಬಿದ್ದರೆ ಸಾಕು, ಗೆಲ್ಲಬೇಕಾಗಿಲ್ಲ, ರೂರ್‌ನ ಬೆಂಬಲ ಕತ್ತರಿಸಿಹೋಗುತ್ತದೆ. ಮತ್ತೆ ಒಂದಕ್ಕೆ ಒಂದು. ಬರ್ಗಂಡಿ ಉಳಿಯಿತು. ಹಾಗಾಗಿ ಜರ್ಮನಿ ಆ ವಾರ ಪೂರ್ತಿ ಇಂಗ್ಲೆಂಡಿಗೆ ಪತ್ರ ಬರೆಯುತ್ತದೆ. ಇಂಗ್ಲೆಂಡ್ ‘ಚಿಂತೆ ಬೇಡ’ ಎಂದು ಉತ್ತರಿಸುತ್ತದೆ. ಅದೇ ಮಾತನ್ನು ಅದು ಫ್ರಾನ್ಸಿಗೂ ಬರೆದಿರುತ್ತದೆ. ಗಡುವು ಮುಗಿಯುವವರೆಗೆ ಯಾವುದು ನಿಜ ಎಂದು ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಬೋರ್ಡ್ ಸುತ್ತ ಕೂತು ಆಡಿದರೆ ಹದಿನೈದು ನಿಮಿಷದಲ್ಲಿ ಆರು ಜನರ ಜೊತೆ ಪಿಸುಗುಟ್ಟಬೇಕು. ಪತ್ರದಲ್ಲಾದರೆ ಯೋಚಿಸಿ ಬರೆಯಬಹುದು. ಈ ಆಟ ಅಂಚೆಗೆ ಇಷ್ಟು ಚೆನ್ನಾಗಿ ಒಗ್ಗಿದ್ದು ಇದೇ ಕಾರಣಕ್ಕೆ.

1963ರಲ್ಲಿ ನ್ಯೂಯಾರ್ಕಿನ ಜಾನ್ ಬೋರ್ಡ್‌ಮನ್ ‘ಗ್ರೌಸ್ಟಾರ್ಕ್’ ಎಂಬ ಪುಟ್ಟ ಪತ್ರಿಕೆ ಶುರು ಮಾಡಿದರು. ಆಟಗಾರರು ಆರ್ಡರ್‌ಗಳನ್ನು ಅಂಚೆಯಲ್ಲಿ ಕಳಿಸುವುದು, ಅವರು ಫಲಿತಾಂಶ ಲೆಕ್ಕ ಹಾಕಿ, ಪ್ರತಿ ತೆಗೆದು ಎಲ್ಲರಿಗೂ ಕಳಿಸುವುದು. ಆ ಹಾದಿಯಲ್ಲಿ ಇಂಥ ಪತ್ರಿಕೆಗಳು ನೂರಾರು ಬಂದವು. ಪ್ರತಿ ಆಟಕ್ಕೂ ಒಂದು ನೋಂದಣಿ ಸಂಖ್ಯೆ ಕೊಡುವ ಪದ್ಧತಿ ಬೆಳೆಯಿತು, ಅದಕ್ಕೆ ‘ಬೋರ್ಡ್‌ಮನ್ ನಂಬರ್’ ಎಂದೇ ಹೆಸರು. ಆರ್ಡರ್ ಕಳಿಸದವರ ಹೆಸರಿನ ಮುಂದೆ ‘ಎನ್‌ಎಂಆರ್’ ಎಂದು ಅಚ್ಚಾಗುತ್ತಿತ್ತು. ‘ನೋ ಮೂವ್ಸ್ ರಿಸೀವ್ಡ್’. ಆ ಮೂರಕ್ಷರವೇ ನನಗೂ ಬಂದದ್ದು.

ಈಗ ಎಲ್ಲಿ ಆಡಬೇಕು? ವೆಬ್‌ಡಿಪ್ಲೊಮಸಿ ಮತ್ತು ಬ್ಯಾಕ್‌ಸ್ಟ್ಯಾಬರ್ ಎಂಬ ಜಾಲತಾಣಗಳಿವೆ, ಎರಡೂ ಉಚಿತ. ಅಪರಿಚಿತರ ಜೊತೆ ಆಡುವುದಾದರೆ ನನ್ನ ಆಯ್ಕೆ ವೆಬ್‌ಡಿಪ್ಲೊಮಸಿ. ಅಲ್ಲಿ ಪ್ರತಿಯೊಬ್ಬರಿಗೂ ವಿಶ್ವಾಸಾರ್ಹತೆಯ ಅಂಕ ಇದೆ. ಸರದಿ ತಪ್ಪಿಸಿದರೆ ಅದು ಇಳಿಯುತ್ತದೆ. ಅಂಕ ಚೆನ್ನಾಗಿರುವವರಷ್ಟೇ ಸೇರಬಹುದು ಎಂದು ಆಟ ಶುರು ಮಾಡುವವರು ಷರತ್ತು ಹಾಕಬಹುದು. ಏಳು ಗೆಳೆಯರು ಮೊದಲೇ ಸೇರಿದ್ದರೆ ಬ್ಯಾಕ್‌ಸ್ಟ್ಯಾಬರ್ ಸುಲಭ. ನಕ್ಷೆ ಚೊಕ್ಕವಾಗಿದೆ, ಒಬ್ಬರೇ ಕೂತು ನಡೆಗಳನ್ನು ಪರೀಕ್ಷಿಸಿ ನೋಡುವ ಸ್ಯಾಂಡ್‌ಬಾಕ್ಸ್ ಕೂಡ ಇದೆ. ಹೊಸಬರು ಒಂದು ವಾರ ಅದರಲ್ಲೇ ಆಡಿ ನೋಡಿ. ಬೆಂಬಲ, ಕತ್ತರಿಸುವಿಕೆ, ಹಡಗಿನಲ್ಲಿ ಸೈನ್ಯ ಸಾಗಿಸುವುದು, ಇಷ್ಟು ಕೈಗೆ ಬಂದರೆ ಉಳಿದದ್ದು ಬರೀ ಮಾತು.

ಗಡುವು ಎಷ್ಟಿರಬೇಕು? ಆಟದ ಒಂದು ವರ್ಷ ಅಂದರೆ ವಸಂತದ ನಡೆ, ಶರತ್ಕಾಲದ ನಡೆ, ಚಳಿಗಾಲದಲ್ಲಿ ಹೊಸ ಸೈನ್ಯ ಕಟ್ಟುವುದು, ನಡುವೆ ಸೋತವರು ಹಿಂದೆ ಸರಿಯುವುದು. ದಿನಕ್ಕೊಂದು ಹಂತ ಇಟ್ಟರೆ ಒಂದು ತಿಂಗಳು ಚಿಲ್ಲರೆಯಲ್ಲಿ ಮುಗಿಯುತ್ತದೆ. ಎರಡು ದಿನಕ್ಕೊಂದು ಇಟ್ಟರೆ ಎರಡು-ಮೂರು ತಿಂಗಳು. ಕೆಲಸಕ್ಕೆ ಹೋಗುವವರು ಎರಡು ದಿನದ್ದನ್ನೇ ಆರಿಸಿ. ಅದರಲ್ಲೂ ಆಟಗಾರರು ಬೇರೆಬೇರೆ ದೇಶದಲ್ಲಿದ್ದರೆ ಒಂದು ದಿನ ಸಾಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಗೆಳೆಯನಿಗೂ ನನಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ನಾನು ಬರೆದದ್ದನ್ನು ಅವನು ಎದ್ದು ಓದುತ್ತಾನೆ, ಅವನ ಉತ್ತರವನ್ನು ನಾನು ಎದ್ದು ಓದುತ್ತೇನೆ. ದಿನಕ್ಕೆ ಒಂದೇ ಮಾತು ವಿನಿಮಯ. ಒಪ್ಪಂದ ಕುದುರಲು ಕನಿಷ್ಠ ಎರಡು ಬೇಕು ಅಲ್ವಾ?

ಮಾತುಕತೆಯೇ ಇಲ್ಲದ ‘ಗನ್‌ಬೋಟ್’ ಬಗೆಯೂ ಇದೆ. ಪತ್ರ ಬರೆಯಲು ಸಮಯ ಇಲ್ಲದವರಿಗೆ, ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವವರಿಗೆ ಇದು ಒಳ್ಳೆಯ ಬಾಗಿಲು. ನಡೆಗಳಲ್ಲೇ ಮಾತಾಡಬೇಕು. ಕಂಪ್ಯೂಟರ್ ಜೊತೆ ಆಡುತ್ತಿದ್ದೇವೇನೋ ಎಂಬ ಅನುಮಾನ ಕೆಲವರಿಗೆ ಇರುತ್ತದೆ. 2022ರಲ್ಲಿ ಮೆಟಾ ಕಂಪನಿ ಸಿಸೆರೊ ಎಂಬ ಎಐ ಅನ್ನು ವೆಬ್‌ಡಿಪ್ಲೊಮಸಿಯ ಒಂದು ಲೀಗಿನಲ್ಲಿ 40 ಆಟ ಆಡಿಸಿತು. ಪತ್ರ ಬರೆದು, ಒಪ್ಪಂದ ಮಾಡಿಕೊಂಡು, ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಅದು ಮೊದಲ ಶೇ. 10ರೊಳಗೆ ಬಂತು. ನಿಮಗೆ ಮನುಷ್ಯರೇ ಬೇಕೆಂದರೆ ಪರಿಚಯದ ಏಳು ಜನರನ್ನು ಸೇರಿಸಿ. ಅದೇ ಅತ್ಯುತ್ತಮ.

ಯಾರಿಗೆ ಬೇಡ? ಆಟದಲ್ಲಿ ಕೊಟ್ಟ ಮಾತು ಮುರಿದರೆ ನಿದ್ದೆ ಕೆಡಿಸಿಕೊಳ್ಳುವವರಿಗೆ. ಗಂಡ ಹೆಂಡತಿ ಒಂದೇ ಆಟದಲ್ಲಿ ಅಕ್ಕಪಕ್ಕದ ದೇಶ ಹಿಡಿಯುವುದನ್ನೂ ನಾನು ಬೇಡ ಎನ್ನುತ್ತೇನೆ.

ಹಳೆಯ ಅಂಚೆ ಆಟಗಳು: ಓದುವ ಸುಖ

1970ರಲ್ಲಿ ರಿಕ್ ಲೂಮಿಸ್ ಅಮೆರಿಕದ ಸೈನ್ಯದಲ್ಲಿದ್ದು ಹವಾಯಿಯಲ್ಲಿ ನೆಲೆಸಿದ್ದಾಗ ‘ನ್ಯೂಕ್ಲಿಯರ್ ಡಿಸ್ಟ್ರಕ್ಷನ್’ ಎಂಬ ಆಟವನ್ನು ಅಂಚೆಯಲ್ಲಿ ನಡೆಸಲು ಶುರು ಮಾಡಿದರು. ಅದೇ ಬೆಳೆದು ಫ್ಲೈಯಿಂಗ್ ಬಫಲೊ ಕಂಪನಿಯಾಯಿತು. ಲೆಕ್ಕ ಮಾಡಲು ಕಂಪ್ಯೂಟರನ್ನೇ ತಂದರು, ಮನೆಯಲ್ಲಿ ಯಾರ ಬಳಿಯೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ಆಟಗಾರರು ಹಣ ಕಟ್ಟಿ ಫಾರಂ ತುಂಬಿ ಕಳಿಸಬೇಕು, ಕಂಪ್ಯೂಟರ್ ಅಚ್ಚು ಹಾಕಿದ ವರದಿ ಮನೆಗೆ ಬರುತ್ತದೆ.

1976ರ ಸ್ಟಾರ್‌ವೆಬ್ ಇವುಗಳಲ್ಲಿ ಎದ್ದು ಕಾಣುವ ಆಟ. 15 ಆಟಗಾರರು, 255 ಲೋಕಗಳು. ಇದರ ಸೊಗಸು ಇರುವುದು ಅಂಕ ಕೊಡುವ ರೀತಿಯಲ್ಲಿ. ಸಾಮ್ರಾಜ್ಯ ಕಟ್ಟುವವನು, ವ್ಯಾಪಾರಿ, ಕಡಲ್ಗಳ್ಳ, ಪುರಾತನ ವಸ್ತು ಕೂಡಿಡುವವನು, ಧರ್ಮ ಪ್ರಚಾರಕ, ಜೀವ ನಾಶ ಮಾಡುವ ಬರ್ಸರ್ಕರ್ ಎಂದು ಆರು ಪಾತ್ರ. ಒಬ್ಬೊಬ್ಬರಿಗೂ ಬೇರೆ ಬೇರೆ ಕೆಲಸಕ್ಕೆ ಅಂಕ. ವ್ಯಾಪಾರಿಗೆ ಬೇಕಾದ್ದು ಪ್ರಚಾರಕನಿಗೆ ಬೇಡ. ಹಾಗಾಗಿ ಇಬ್ಬರೂ ಲಾಭ ಮಾಡಿಕೊಳ್ಳುವ ಸ್ನೇಹ ಸಾಧ್ಯ. ಡಿಪ್ಲೊಮಸಿಯಲ್ಲಿ ಅದು ಕಷ್ಟ, ಅಲ್ಲಿ ಒಬ್ಬರ ಕೇಂದ್ರ ಇನ್ನೊಬ್ಬರ ನಷ್ಟ. ಆಟ ಎಷ್ಟು ಅಂಕಕ್ಕೆ ಮುಗಿಯುತ್ತದೆ ಎನ್ನುವುದೂ ಗುಟ್ಟು, 1,000ದಿಂದ 10,000ದ ನಡುವೆ ಎಲ್ಲೋ.

ಲೂಮಿಸ್ 2019ರಲ್ಲಿ ತೀರಿಕೊಂಡರು. ಅವರು ನಡೆಸುತ್ತಿದ್ದ ಆಟಗಳನ್ನು ಅವರ ಹೆಸರಿನಲ್ಲೇ ಮುಂದುವರಿಸಿದ್ದಾರೆ. ಬೇರೆ ಕಂಪನಿಯ ಅಂಚೆ ಆಟ ಹೈಬೋರಿಯನ್ ವಾರ್ 1985ರಿಂದ ನಡೆದುಕೊಂಡು ಬಂದಿದೆ. 25 ಜನರ ಮಿಡಲ್ ಅರ್ತ್ ಆಟ ಈಗ ಈಮೇಲ್‌ನಲ್ಲಿದೆ: ಹತ್ತು ಜನ ಒಂದು ಪಕ್ಷ, ಹತ್ತು ಜನ ವಿರುದ್ಧ ಪಕ್ಷ, ಐದು ಜನ ತಟಸ್ಥರು. ತಂಡದಲ್ಲಿ ಹಿರಿಯ ಆಟಗಾರರು ಇರುವುದರಿಂದ ಕಲಿಯಲು ಒಳ್ಳೆಯದು.

ಇವುಗಳಿಗೆ ಡಾಲರ್ ಅಥವಾ ಪೌಂಡ್ ಲೆಕ್ಕದಲ್ಲಿ ಸರದಿಗೆ ಇಷ್ಟು ಎಂದು ಕಟ್ಟಬೇಕು. ಒಂದು ಸರದಿಯ ಹಣ ಸಣ್ಣದಾಗಿ ಕಾಣುತ್ತದೆ, ಒಂದೂವರೆ ವರ್ಷಕ್ಕೆ ಗುಣಿಸಿ ನೋಡಿಕೊಂಡೇ ಸೇರಿ. ಆ ಸ್ವಾದ ಬೇಕು, ಹಣ ಬೇಡ ಎನ್ನುವವರಿಗೆ ಅಟ್ಲಾಂಟಿಸ್ ಇದೆ. ರಸೆಲ್ ವಾಲೇಸ್ 1993ರಲ್ಲಿ ಬರೆದು ಹಂಚಿದ ಪ್ರೋಗ್ರಾಂ. ನಕ್ಷೆ, ಚಿತ್ರ ಏನೂ ಇಲ್ಲ. ನಿಮ್ಮ ಪ್ರತಿ ತುಕಡಿಗೆ ‘ಉತ್ತರಕ್ಕೆ ನಡೆ’, ‘ತೆರಿಗೆ ವಸೂಲಿ’, ‘ವಿದ್ಯೆ ಕಲಿ’ ಎಂದು ಒಂದೊಂದು ಸಾಲಿನ ಆರ್ಡರ್ ಬರೆದು ಕಳಿಸಬೇಕು. ಬರುವ ವರದಿಯೂ ಬರೀ ಅಕ್ಷರ. ಇದರಿಂದಲೇ ಹುಟ್ಟಿದ ಎರೆಸ್ಸಿಯಾ ಜರ್ಮನಿಯಲ್ಲಿ 1996ರಿಂದ ಇದೆ. ವರದಿ ಪ್ರಿಂಟ್ ತೆಗೆದು, ಭಾನುವಾರ ಮಧ್ಯಾಹ್ನ ಪೆನ್ಸಿಲ್ ಹಿಡಿದು ಸ್ವಂತ ನಕ್ಷೆ ಬರೆಯುವ ಸುಖ ಗೊತ್ತಿರುವವರಿಗೆ ಇದನ್ನು ಹೇಳುತ್ತೇನೆ. ಉಳಿದವರು ಎರಡನೇ ವಾರಕ್ಕೇ ಬಿಡುತ್ತಾರೆ.

ಕಂಪ್ಯೂಟರ್, ಮೊಬೈಲ್ ಆಟಗಳು

ಬುಡಕಟ್ಟೊಂದನ್ನು ಹಿಡಿದು ರಾಜ್ಯ ಕಟ್ಟುವ ಆಟ ಪಾಲಿಟೋಪಿಯಾ ಸ್ವೀಡನ್ನಿನ ಮಿಡ್ಜಿವಾನ್ ತಂಡದ್ದು, 2016ರದ್ದು. ಚಿಕ್ಕ ನಕ್ಷೆಯಲ್ಲಿ 121 ಮನೆ ಅಷ್ಟೇ. ಒಂದು ಸರದಿಗೆ ಎರಡು-ಮೂರು ನಿಮಿಷ. ಮೊಬೈಲ್‌ನಲ್ಲೇ ಆಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಆಡುವ ಜಾತಿಯಾದರೂ ಆಟ ಚಿಕ್ಕದು, ಹಾಗಾಗಿ ಮೂರು ಜನರಿದ್ದರೂ ತಿಂಗಳೊಳಗೆ ಮುಗಿಯುತ್ತದೆ. ಹೈಸ್ಕೂಲ್ ಓದುವ ಮಕ್ಕಳ ಜೊತೆ ಆಡಲು ನನ್ನ ಮೊದಲ ಆಯ್ಕೆ. ಬೇರೆಯವರ ಜೊತೆ ಆಡಲು ಒಂದು ಬುಡಕಟ್ಟನ್ನು ಕೊಳ್ಳಬೇಕು.

ಸಿವಿಲೈಸೇಶನ್ 6 ನಿಮ್ಮ ಹತ್ತಿರ ಆಗಲೇ ಇದ್ದರೆ ಇಬ್ಬರು ಆಡಿ. ಮೂವರು ಮಿತಿ. ಅದೇ ಬಗೆಯ ಆಟ ಫ್ರೀಸಿವ್ ಉಚಿತ. ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿ 1996ರ ಜನವರಿಯಲ್ಲಿ ಹೊರಬಿಟ್ಟದ್ದು. ‘ಲಾಂಗ್‌ಟರ್ನ್’ ಎನ್ನುವ ಬಗೆಯಲ್ಲಿ ದಿನಕ್ಕೊಂದು ಸುತ್ತು, ಎಲ್ಲರೂ ಒಂದೇ ಹೊತ್ತಿಗೆ. ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ರಾಜ್ಯ ಬೆಳೆದಂತೆ ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಡುತ್ತದೆ. ಸೇರುವಾಗ ಯಾರೂ ಇದನ್ನು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಡೊಮಿನಿಯನ್ಸ್ ಬೇರೆಯೇ ಪ್ರಪಂಚ. 2024ರ ಜನವರಿಯಲ್ಲಿ ಆರನೇ ಆವೃತ್ತಿ ಬಂತು. ನೀವು ದೇವರಾಗಲು ಹೊರಟ ಒಂದು ಶಕ್ತಿ, ನಿಮ್ಮದೊಂದು ಜನಾಂಗ. ಆರ್ಡರ್ ಕಳಿಸಿದರೆ ಎಲ್ಲವೂ ಒಟ್ಟಿಗೆ ಜಾರಿ, ಯುದ್ಧಗಳನ್ನು ಆಮೇಲೆ ಕೂತು ನೋಡಬೇಕು. ಜನಾಂಗಗಳಲ್ಲಿ ಕೈಲಾಸ, ಲಂಕಾ, ಪಾತಾಳ ಇವೆ. ಕೈಲಾಸದವರ ಸೈನ್ಯದಲ್ಲಿ ವಾನರರು, ಮರ್ಕಟರು. ಆನೆಗೊಂದಿಯ ಕಡೆ ಬೆಟ್ಟ ಹತ್ತಿ ‘ಇದೇ ಕಿಷ್ಕಿಂಧೆ’ ಎಂದು ಕೇಳಿಕೊಂಡು ಬೆಳೆದ ನನಗೆ ಮೊದಲ ಸಲ ಆ ಪಟ್ಟಿ ನೋಡಿದಾಗ ಮೈ ಜುಮ್ಮೆಂದಿತು. ಸ್ವೀಡನ್ನಿನವರು ಮಾಡಿದ ಆಟ ಅದು. ಆದರೆ ಕಲಿಯಲು ತುಂಬ ಸಮಯ ಬೇಕು. ಮಂತ್ರಗಳೇ ನೂರಾರು. ಡಿಪ್ಲೊಮಸಿಯ ನಿಯಮ ಒಂದು ಸಂಜೆಯಲ್ಲಿ ಬರುತ್ತದೆ, ಇದಕ್ಕೆ ಒಂದು ಮಳೆಗಾಲ ಬೇಕು. ಕಲಿತವರು ಮಾತ್ರ ಬಿಡುವುದಿಲ್ಲ.

ಹಾಗಾದರೆ ನಿಮಗೆ?

ಸಮಯ ನಿಮ್ಮ ಕೈಯಲ್ಲಿಲ್ಲ, ಮನೆಯಲ್ಲಿ ಪುಟ್ಟ ಮಗುವೋ ವಯಸ್ಸಾದವರೋ ಇದ್ದಾರೆ ಎಂದಾದರೆ ಲಿಚೆಸ್, ನಡೆಗೆ ಏಳು ದಿನ. ಬೇರೆ ಯೋಚನೆ ಬೇಡ. ದಿನವೂ ಒಂದೇ ಹೊತ್ತಿಗೆ ಅರ್ಧ ಗಂಟೆ ಸಿಗುತ್ತದೆ, ಜನರ ಮನಸ್ಸು ಓದುವುದು ಇಷ್ಟ ಎಂದಾದರೆ ಡಿಪ್ಲೊಮಸಿ. ವಾರಕ್ಕೊಮ್ಮೆ ಮಾತ್ರ ಬಿಡುವು, ಆದರೆ ಆಗ ಎರಡು ಗಂಟೆ ಪೂರ್ತಿ ನಿಮ್ಮದು ಎಂದಾದರೆ ಹಳೆಯ ಈಮೇಲ್ ಆಟಗಳು. ಕಾಲೇಜಿನ ಗೆಳೆಯರು ಮೂರು ದೇಶಕ್ಕೆ ಚದುರಿದ್ದಾರೆ, ವಾಟ್ಸಾಪ್ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯ ಬಿಟ್ಟರೆ ಏನೂ ಇಲ್ಲ ಎಂದಾದರೆ ಏಳು ಜನರನ್ನು ಹಿಡಿದು ಒಂದು ಡಿಪ್ಲೊಮಸಿ ಶುರು ಮಾಡಿ. ಮೂರು ದಿನದ ಗಡುವು ಇಡಿ. ನಮ್ಮ ಗುಂಪು ಕನ್ನಡದಲ್ಲೇ ಸಂಧಾನ ಮಾಡುತ್ತದೆ. ‘ನಿನ್ನ ಆಣೆ, ಈ ಸಲ ಗಲೀಷಿಯಾ ಮುಟ್ಟಲ್ಲ’ ಎಂದು ಓದುವ ಮಜಾವೇ ಬೇರೆ.

ಯಾವುದೇ ಆಟವಾದರೂ ಗಡುವನ್ನು ಭಾರತದ ಸಮಯಕ್ಕೆ ಬರೆದು ಗೋಡೆಗೆ ಅಂಟಿಸಿ. ಮಾರ್ಚ್ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಮತ್ತೆ ನೋಡಿ, ಯುರೋಪ್ ಮತ್ತು ಅಮೆರಿಕದ ಗಡಿಯಾರ ಬದಲಾಗುವುದು ಬೇರೆ ಬೇರೆ ವಾರದಲ್ಲಿ. ಅಂದಾಜಿನ ಆರ್ಡರನ್ನು ಮೊದಲ ದಿನವೇ ಹಾಕಿಬಿಡಿ, ಆಮೇಲೆ ಬದಲಿಸಬಹುದು. ಮದುವೆ, ಜಾತ್ರೆ, ಪ್ರಯಾಣ ಇದ್ದರೆ ಮುಂಚೆಯೇ ಹೇಳಿ. ಆಟ ತಡೆದು ನಿಲ್ಲಿಸಲು ಯಾರೂ ಬೇಸರ ಪಡುವುದಿಲ್ಲ.

ಬಿಡಲೇಬೇಕಾದ ಸಂದರ್ಭವೂ ಬರುತ್ತದೆ. ಅದಕ್ಕೂ ಒಂದು ರೀತಿ ಇದೆ. ಕಳೆದ ವರ್ಷ ನಮ್ಮ ಆಟದಲ್ಲಿ ರಷ್ಯಾ ಆಡುತ್ತಿದ್ದವರು ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಹೀಗೆ ಬರೆದರು, ನೀವೂ ಇದನ್ನೇ ನಕಲು ಮಾಡಬಹುದು: ‘ಅಪ್ಪನಿಗೆ ಆಪರೇಷನ್ ಇದೆ, ಒಂದು ತಿಂಗಳು ಆಗುವುದಿಲ್ಲ. ಮುಂದಿನ ಎರಡು ಸುತ್ತಿನ ಆರ್ಡರ್ ಕೆಳಗಿದೆ. ಬದಲಿ ಆಟಗಾರರು ಸಿಗುವವರೆಗೆ ಇದನ್ನೇ ಬಳಸಿ. ಜರ್ಮನಿಗೆ ನಾನು ಕೊಟ್ಟ ಮಾತು ಏನೇನು ಎಂದು ಬದಲಿಯವರಿಗೆ ಬೇರೆ ಪತ್ರದಲ್ಲಿ ಬರೆದಿದ್ದೇನೆ. ಅದನ್ನು ಉಳಿಸಿಕೊಳ್ಳುವುದು, ಮುರಿಯುವುದು ಅವರಿಗೆ ಬಿಟ್ಟದ್ದು.’